ಅರ್ಧ ಮಿಲಿಮೀಟರ್

ಹಳದಿ ಅಂದರೆ ಮಲಗುವ ಜಾಗ.
ನೀಲಿ ಅಂದರೆ ಮಾರುವ ಜಾಗ.
ನೇರಳೆ, ಯಂತ್ರ ಕೂಗುವಲ್ಲಿ. ಕೆಂಪು, ಶಾಲೆ ಆಸ್ಪತ್ರೆ ಕಚೇರಿ.
ಹಸಿರು, ಇನ್ನೂ ಯಾರೂ ಬಂದು ಕೇಳದ ಜಾಗ.
ಹೀಗೆ ಕಲಿಸಿದ್ದರು ನನಗೆ
ಕಾರವಾರದ ನಗರ ಯೋಜನೆ ಕಚೇರಿಯ ಎರಡನೇ ಮಹಡಿಯಲ್ಲಿ,
ಫ್ಯಾನು ಹಾಕಿದರೆ ನಕ್ಷೆ ಹಾರುತ್ತದೆಂದು
ಏಪ್ರಿಲ್‌ನಲ್ಲೂ ಬೆವರುತ್ತ ಕೂರುವ ಮೇಜಿನಲ್ಲಿ.
ಪ್ಲಾಟರ್ ಉಪ್ಪುಗಾಳಿ ತಿಂದು ಕೆಟ್ಟಿದೆ.
ಗಡಿಗಳನ್ನು ಈಗ ಮತ್ತೆ ಕೈಯಲ್ಲೇ ಎಳೆಯುತ್ತೇನೆ.

ಮೊನ್ನೆ ಸುತ್ತೋಲೆಯ ಜೊತೆ ಹೊಸ ಬಣ್ಣ ಬಂತು.
ಬಣ್ಣವಲ್ಲ, ಪಟ್ಟೆ:
ಒಂದು ಹಳದಿ, ಒಂದು ನೀಲಿ, ಓರೆಯಾಗಿ, ನಲವತ್ತೈದು ಡಿಗ್ರಿ.
ಮಿಶ್ರ ಬಳಕೆ ವಲಯ.
ಕೆಳಗೆ ಅಂಗಡಿ, ಮೇಲೆ ಮನೆ, ನಡುವೆ ಲಿಫ್ಟು,
ನೂರಕ್ಕೆ ಅರವತ್ತು ವಾಸ, ನಲವತ್ತು ವ್ಯಾಪಾರ,
ಇಷ್ಟು ಅಡಿಗೊಂದು ಗಿಡ.
ಕೋಡಿಬಾಗದಿಂದ ಕಾಳಿಯ ಅಳಿವೆಯ ಕಡೆಗೆ
ಹನ್ನೊಂದು ಎಕರೆಗೆ ಪಟ್ಟೆ ಹೊಡೆದವನು ನಾನೇ.
ಚೆಂದ ಕಂಡಿತು,
ಹೊಸ ಚಾದರ ಹಾಸಿದ ಹಾಗೆ.

ಆಕ್ಷೇಪಣೆ ಕೇಳುವ ದಿನ
ವಕೀಲರಿದ್ದರು, ಬಿಲ್ಡರನ ಮ್ಯಾನೇಜರ್ ಇದ್ದ.
ಮೂವತ್ತೇಳನೆಯವಳು ಶೇವಂತಿ ತಾಂಡೇಲ.
ಅರ್ಜಿ ಇಲ್ಲ. ಬುಟ್ಟಿಯನ್ನು ಮೆಟ್ಟಿಲ ಬುಡದಲ್ಲಿಟ್ಟು ಬಂದಿದ್ದಳು;
ಕಣ್ಣು ಆಗಾಗ ಬಾಗಿಲಿಗೆ,
ಬೆಕ್ಕಿನ ಚಿಂತೆ.

"ನನ್ನ ಮನೆ ಎಲ್ಲಿದೆ ತೋರಿಸು ತಮ್ಮಾ."
ತೋರಿಸಿದೆ.
ಬಗ್ಗಿ ನೋಡಿದಳು, ಬಹಳ ಹೊತ್ತು.
"ಹಳದಿ ಗೆರೆ ಮೇಲೆ ಮಲಗಬೇಕು,
ನೀಲಿ ಗೆರೆ ಮೇಲೆ ಮೀನು ಕೊಯ್ಯಬೇಕು. ಹೌದಲ್ಲ?
ರಾತ್ರಿ ಮಗ್ಗುಲು ಬದಲಿಸಿದರೆ?"

ವಕೀಲರು ನಕ್ಕರು. ಸಾಹೇಬರೂ ನಕ್ಕು
ಶೇಕಡಾವಾರು ವಿವರಿಸಿದರು.
ಅವಳು ಬೆರಳು ಮಡಚಿದಳು:
ನಸುಕು ನಾಲ್ಕಕ್ಕೆ ಜಗಲಿ ಮೇಲೆ ಮೈದುನ ಬಲೆ ಹರವುತ್ತಾನೆ.
ಎಂಟಕ್ಕೆ ಅಲ್ಲೇ ಬಾಂಗಡೆಗೆ ಉಪ್ಪು.
ಬಿಸಿಲೇರಿದರೆ ಸಿಗಡಿ ಒಣಗಲಿಕ್ಕೆ, ಅತ್ತೆ ಕೋಲು ಹಿಡಿದು ಕಾಗೆ ಕಾಯುತ್ತಾಳೆ.
ಗುಡಿಸಿ ತೊಳೆದರೆ ಮಕ್ಕಳ ಮಗ್ಗಿ,
ಆಮೇಲೆ ಅದೇ ಕಲ್ಲಿನ ಮೇಲೆ ಚಾಪೆ.
ಹೋದ ವರ್ಷ ಮಾವನನ್ನು ಮಲಗಿಸಿದ್ದೂ ಅಲ್ಲೇ,
ದೋಣಿಯವರೆಲ್ಲ ದಡಕ್ಕೆ ಬರುವ ತನಕ.
"ಅದು ನೂರಕ್ಕೆ ಎಷ್ಟು?"

ನಮ್ಮ ಕೋಷ್ಟಕದಲ್ಲಿ
ಜಾಗಕ್ಕೆ ಕಾಲಂ ಇದೆ, ಎತ್ತರಕ್ಕಿದೆ, ಕಾರು ನಿಲ್ಲಿಸಲಿಕ್ಕಿದೆ.
ಹೊತ್ತಿಗೆ ಇಲ್ಲ.

'ಗಮನಿಸಲಾಗಿದೆ' ಎಂದು ಬರೆದೆ ಮೂವತ್ತೇಳರ ಮುಂದೆ.
ಮೂವತ್ತಾರರ ಮುಂದೆಯೂ ಅದನ್ನೇ ಬರೆದಿದ್ದೆ.

ಎಲ್ಲರೂ ಹೋದ ಮೇಲೆ ಸ್ಕೇಲು ಇಟ್ಟು ನೋಡಿದೆ,
ಯಾಕೆಂದು ಗೊತ್ತಿಲ್ಲ.
ನಮ್ಮ ನಕ್ಷೆ ಒಂದಕ್ಕೆ ಐದು ಸಾವಿರ.
ಗಡಿ ಎಳೆಯುವ ನನ್ನ ಪೆನ್ನು ಅರ್ಧ ಮಿಲಿಮೀಟರ್.
ಅಂದರೆ ನೆಲದ ಮೇಲೆ ನನ್ನ ಗೆರೆಯ ದಪ್ಪ
ಎರಡೂವರೆ ಮೀಟರ್.
ಸರ್ವೆ ಪುಸ್ತಕದಲ್ಲಿ ಶೇವಂತಿಯ ಜಗಲಿಯ ಅಗಲ
ಎರಡು ಮೀಟರ್ ನಲವತ್ತು.

ಪಟ್ಟೆ ಮುಗಿದು ಮರಳು ಶುರುವಾಗುವಲ್ಲಿ
ಆ ಜಗಲಿ ಇಡಿಯಾಗಿ ಶಾಯಿಯೊಳಗಿತ್ತು.
ಬಲೆ, ಉಪ್ಪು, ಅತ್ತೆ, ಅತ್ತೆಯ ಕೋಲು,
ಹದಿಮೂರರ ಮಗ್ಗಿಯಲ್ಲಿ ಸಿಕ್ಕಿಬಿದ್ದ ಹುಡುಗ,
ಆಚೆಯವರೂ ಅಲ್ಲ, ಈಚೆಯವರೂ ಅಲ್ಲ.
ಇನ್ನೂ ಹತ್ತು ಸೆಂಟಿಮೀಟರ್ ಉಳಿದಿತ್ತು,
ಒಂದು ಚಪ್ಪಲಿ ಓರೆಯಾಗಿ ಬಿಡುವಷ್ಟು.

ಹನ್ನೆರಡು ವರ್ಷದಿಂದ ಹಿಡಿದಿದ್ದೇನೆ ಈ ಪೆನ್ನು.
ಬೈತಖೋಲದಲ್ಲಿ ಎಳೆದಿದ್ದೇನೆ, ಮಾಜಾಳಿಯಲ್ಲಿ,
ಸದಾಶಿವಗಡದ ಬುಡದಲ್ಲಿ ಎರಡೆರಡು ಸಲ ತಿದ್ದಿ.
ಗೆರೆ ಅಂದರೆ ತೆಳ್ಳಗಿರುವುದು ಅಂದುಕೊಂಡಿದ್ದೆ.

ಮುಚ್ಚಳ ಹಾಕಿ, ಕಿಟಕಿ ಹಾಕಿ, ಕೆಳಗಿಳಿದೆ.
ಮೆಟ್ಟಿಲ ಬುಡದಲ್ಲಿ ಬುಟ್ಟಿ ಇಟ್ಟಲ್ಲಿ
ದುಂಡಗೆ ಒದ್ದೆ, ಇನ್ನೂ ಆರಿರಲಿಲ್ಲ.
ಸುತ್ತಿ ಹೋದೆ.